ಶಿರಾಡಿ ಲೈನ್‌ನಲ್ಲಿ ನಿಂತ ಗಂಟೆಗೆ ಬಾಟಾ ಉಂಟಾ?

ಹನ್ನೆರಡು ಚಕ್ರ

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಪಣಂಬೂರಿನಿಂದ ಶಿರಾಡಿ ಘಾಟಿಯ ಹೆದ್ದಾರಿಯಲ್ಲಿ ಬೆಂಗಳೂರಿಗೆ ಹನ್ನೆರಡು ಚಕ್ರದ ಗಾಡಿ ಓಡಿಸುತ್ತೇನೆ. ಹೋಗುವಾಗ ಹೆಚ್ಚಾಗಿ ಗೊಬ್ಬರ, ಬರುವಾಗ ಸಿಕ್ಕಿದ ಲೋಡ್. ಈ ಲೈನ್‌ನಲ್ಲಿ ಹನ್ನೊಂದು ವರ್ಷ ಆಯಿತು. ಅದರಲ್ಲಿ ಬಿ.ಸಿ. ರೋಡಿನಿಂದ ಘಾಟಿ ಬುಡದ ಅಡ್ಡಹೊಳೆ ತನಕ, ರಸ್ತೆ ಅಗಲ ಮಾಡುತ್ತೇವೆ ಅಂತ ಎಲ್ಲೂ ಅಗೆಯದೆ ಇದ್ದ ವರ್ಷ ಯಾವುದು ಅಂತ ಕೇಳಿದರೆ ನನಗೆ ನೆನಪಾಗುವುದಿಲ್ಲ.

ಮೊನ್ನೆ ಮಂಗಳವಾರ ಸಂಜೆ ಐದಕ್ಕೆ ಹೊರಟೆ. ನೆಲ್ಯಾಡಿ ದಾಟುವಾಗ ರಾತ್ರಿ ಒಂಬತ್ತು. ಗುಂಡ್ಯಕ್ಕಿಂತ ಮೊದಲೇ ಲೈನ್ ನಿಂತಿತ್ತು. ಮುಂದೆ ಒಂದು ಗಾಡಿ ಆಕ್ಸಲ್ ಕಟ್ಟಾಗಿ ಅಡ್ಡ ನಿಂತಿದೆ ಅಂತ ಸುದ್ದಿ. ಅಲ್ಲಿ ಬಿಟ್ಟಿರುವುದೇ ಒಂದು ಬದಿ. ಆ ಬದಿಯಲ್ಲೇ ಗಾಡಿ ಕೂತರೆ ಮತ್ತೆ ಎಂತ ಮಾಡುವುದು? ನಾನು ಘಾಟಿ ಹತ್ತಿದ್ದು ಬೆಳಿಗ್ಗೆ ಏಳೂವರೆಗೆ. ಬೆಂಗಳೂರು ಮುಟ್ಟುವಾಗ ಗೋಡೌನ್ ಬಾಗಿಲು ಹಾಕಿತ್ತು. ಅನ್‌ಲೋಡ್ ಆದದ್ದು ಮರುದಿನ ಮಧ್ಯಾಹ್ನ.

ನನ್ನ ಬಾಟಾ, ಅಂದರೆ ಡ್ರೈವರ್ ಭತ್ಯೆ, ಟ್ರಿಪ್ ಲೆಕ್ಕದಲ್ಲಿ. ಮೊದಲು ತಿಂಗಳಿಗೆ ಹತ್ತು ಟ್ರಿಪ್ ಆಗುತ್ತಿತ್ತು. ಈಗ ಆರಾದರೆ ದೊಡ್ಡದು. ರಾತ್ರಿಯಿಡೀ ಸ್ಟೇರಿಂಗ್ ಹಿಂದೆ ಕೂತದ್ದಕ್ಕೆ ಒಂದು ಪೈಸೆ ಇಲ್ಲ. ಧಣಿ ಹತ್ತಿರ ಕೇಳಿದೆ. "ರಸ್ತೆ ನಾನು ಅಗೆದದ್ದಾ?" ಅಂದರು. ಸರಿ, ಅವರು ಅಗೆದದ್ದಲ್ಲ. ನಾನೂ ಅಗೆದದ್ದಲ್ಲವಲ್ಲ.

ನಿಂತ ಗಂಟೆಗೆ ಯಾರಿಗಾದರೂ ಏನಾದರೂ ಸಿಗುತ್ತದಾ? ಸಿಗುವುದಾದರೆ ಯಾವ ಲೆಕ್ಕದಲ್ಲಿ?

ಪಂಪ್‌ವೆಲ್ ಪದವೀಧರ

ನಿಂತ ಗಂಟೆಗೆ ದುಡ್ಡು ಕೊಡುವುದಾದರೆ ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆಗೆ ಕಾದ ನಾವೆಲ್ಲ ಈಗ ಬಂಗಲೆ ಕಟ್ಟಿಸಿರುತ್ತಿದ್ದೆವು.

ಮಲ್ಪೆ ಐಸ್

ಅಣ್ಣ, ನಿಮ್ಮದು ಗೊಬ್ಬರ. ಹಾಳಾಗುವುದಿಲ್ಲ. ನಮ್ಮದು ಬಂಗುಡೆ. ಮಲ್ಪೆಯಿಂದ ಹೊರಡುವಾಗ ಮೀನಿನಷ್ಟೇ ಐಸ್ ತುಂಬಿಸುತ್ತೇವೆ. ಬೆಂಗಳೂರಲ್ಲಿ ಬೆಳಗಿನ ಜಾವದ ಹರಾಜಿಗೆ ಮುಟ್ಟಿದರೆ ಒಂದು ರೇಟು. ಬಿಸಿಲೇರಿದ ಮೇಲೆ ಮುಟ್ಟಿದರೆ ಅದೇ ಮೀನಿಗೆ ಅರ್ಧ. ಗುಂಡ್ಯದಲ್ಲಿ ನಾಲ್ಕು ಗಂಟೆ ನಿಂತರೆ ಹಿಂದಿನ ಬಾಗಿಲಿಂದ ನೀರು ಸುರಿಯುವುದು ಕಾಣುತ್ತದೆ. ಆ ನೀರನ್ನು ನೋಡುತ್ತಾ ಕೂರುವುದು ಅಂದರೆ ನಮ್ಮ ಸಂಬಳ ಹರಿದು ಹೋಗುವುದನ್ನು ನೋಡಿದ ಹಾಗೆ. ಹಿಂದಿನ ಬೈಕಿನವರು ಬೈಯುವುದು ಬೇರೆ.

ಕಿಟಕಿ ಸೀಟು

ವಾಸನೆಗೆ ಬೈಯದೆ ಇನ್ನೇನು ಮಾಡುವುದು ಸ್ವಾಮಿ?

ನಾನು ತಿಂಗಳಿಗೆ ಎರಡು ಸಲ ರಾತ್ರಿ ಬಸ್ಸಲ್ಲಿ ಬೆಂಗಳೂರಿಗೆ ಹೋಗುತ್ತೇನೆ. ನಿಮ್ಮ ಕಷ್ಟ ಒಪ್ಪುತ್ತೇನೆ. ಆದರೆ ಒಂದು ಮಾತು. ಬ್ಲಾಕ್ ಆದ ಕೂಡಲೇ ಎದುರು ಬರುವವರ ಬದಿಯಲ್ಲಿ ಎರಡನೇ ಲೈನ್ ಮಾಡುವುದು ಯಾರು? ಲಾರಿಯವರೇ. ಹತ್ತು ನಿಮಿಷದಲ್ಲಿ ಬಿಡುವ ಬ್ಲಾಕ್ ಮೂರು ಗಂಟೆ ಆಗುವುದು ಅದರಿಂದಲೇ.

ಹನ್ನೆರಡು ಚಕ್ರ

ಕಿಟಕಿ ಸೀಟಿನವರೇ, ಒಂದು ರಾತ್ರಿ ಕಿಟಕಿ ಬಿಟ್ಟು ಮುಂದೆ ಡ್ರೈವರ್ ಪಕ್ಕ ಬಂದು ಕೂರಿ. ಲೋಡ್ ಗಾಡಿ ಏರಿನಲ್ಲಿ ನುಗ್ಗಿ ಎರಡನೇ ಲೈನ್ ಮಾಡುವುದಕ್ಕೆ ಅದೇನು ಬೈಕಾ? ಮೊದಲು ನುಗ್ಗುವುದು ಕಾರು. ಅದರ ಹಿಂದೆ ನಿಮ್ಮ ಬಸ್ಸು. ಅವೆರಡು ಹೋದ ದಾರಿಯಲ್ಲಿ ನಾಲ್ಕು ತಲೆ ಕೆಟ್ಟ ಟಿಪ್ಪರ್. ಲೈನ್ ಲಾರಿಯವ ಎಂಜಿನ್ ಆಫ್ ಮಾಡಿ ಮಲಗಿರುತ್ತಾನೆ.

ಬುಲೆಟ್ ಟ್ಯಾಂಕರ್

ನಾನು ಗ್ಯಾಸ್ ಟ್ಯಾಂಕರ್‌ನವ. ಪೈಪ್‌ಲೈನ್ ಬಂದ ಮೇಲೆ ನಮ್ಮ ಗಾಡಿಗಳು ಘಾಟಿಯಲ್ಲಿ ಮೊದಲಿನಷ್ಟು ಇಲ್ಲ. ಇದ್ದವರ ಪಾಡು ಕೇಳಿ. ಲೈನ್ ನಿಂತರೆ ಬೇರೆ ಲಾರಿಯವರು ಬದಿಯಲ್ಲಿ ಸ್ಟವ್ ಹಚ್ಚಿ ಅನ್ನ ಇಡುತ್ತಾರೆ. ಚಾ ಮಾಡುತ್ತಾರೆ. ನಾವು ಹಾಗೆ ಮಾಡುವ ಹಾಗಿಲ್ಲ. ಬೀಡಿ ಕೂಡ ಇಲ್ಲ. ನಮ್ಮ ಹತ್ತಿರ ಯಾರಾದರೂ ಸ್ಟವ್ ತೆಗೆದರೆ ನಾವೇ ಎದ್ದು ಹೋಗಿ ದೂರ ಕಳಿಸಬೇಕು. 2013ರ ಏಪ್ರಿಲ್‌ನಲ್ಲಿ ಪೆರ್ನೆಯಲ್ಲಿ ಟ್ಯಾಂಕರ್ ಮಗುಚಿ ಬೆಂಕಿ ಹಿಡಿದದ್ದು ಈ ರಸ್ತೆಯವರು ಯಾರೂ ಮರೆತಿಲ್ಲ. ಜನ ಮನೆಯೊಳಗೆ ಇದ್ದ ಹಾಗೇ ಹೋದರು. ಆ ಜಾಗ ದಾಟುವಾಗ ನಾನು ಈಗಲೂ ಮಾತಾಡುವುದಿಲ್ಲ.

ಹಾಗಾಗಿ ಬ್ಲಾಕ್‌ನಲ್ಲಿ ನಮ್ಮ ಊಟ ಬಿಸ್ಕೆಟ್ ಮತ್ತು ಬಾಳೆಹಣ್ಣು.

ಮೂರು ಗಾಡಿ ಧಣಿ

ಧಣಿಗಳ ಪರವಾಗಿ ಒಬ್ಬನಾದರೂ ಮಾತಾಡಬೇಕಲ್ಲ. ನಾನೇ ಆ ಪಾಪಿ.

ಬಾಡಿಗೆ ಟನ್ ಲೆಕ್ಕದಲ್ಲಿ. ಗಾಡಿ ಒಂದು ದಿನದಲ್ಲಿ ಹೋದರೂ ಅಷ್ಟೇ, ಮೂರು ದಿನ ಆದರೂ ಅಷ್ಟೇ. ಬ್ಯಾಂಕಿನ ಕಂತು ಮಾತ್ರ ದಿನ ನೋಡಿ ಬರುತ್ತದೆ. ಏರಿನಲ್ಲಿ ಹಾಫ್ ಕ್ಲಚ್‌ನಲ್ಲಿ ಎಳೆದು ಎಳೆದು ಕ್ಲಚ್ ಪ್ಲೇಟ್ ಸುಟ್ಟು ಹೋಗುತ್ತದೆ. ಹೊಂಡಕ್ಕೆ ಬಿದ್ದು ಸ್ಪ್ರಿಂಗ್ ಪ್ಲೇಟ್ ಸೆಟ್ ಕಟ್ಟಾಗುತ್ತದೆ. ಹೋದ ಮಳೆಗಾಲದಲ್ಲಿ ಒಂದೇ ಗಾಡಿಗೆ ಎರಡು ಸಲ ಕ್ಲಚ್ ಇಳಿಸಿದೆ. ಇನ್ನು ಹೊಸ ಹೊಗೆ ನಿಯಮದ ಬಿಎಸ್6 ಗಾಡಿಯ ಸಂಗತಿ. ಆಫ್ ಮಾಡದೆ ಗಂಟೆಗಟ್ಟಲೆ ನಿಂತಲ್ಲೇ ಓಡಿಸಿದರೆ ಸೈಲೆನ್ಸರ್ ಫಿಲ್ಟರಿನಲ್ಲಿ ಮಸಿ ಕಟ್ಟಿ ಲೈಟ್ ಬರುತ್ತದೆ. ಆಮೇಲೆ ಶೋರೂಮಿನವ ಲ್ಯಾಪ್‌ಟಾಪ್ ಹಿಡಿದು ಬರಬೇಕು.

ಡ್ರೈವರಿಗೆ ಕೊಡಬಾರದು ಅಂತ ಅಲ್ಲ. ನನಗೆ ಲೋಡ್ ಕೊಡುವ ಪಾರ್ಟಿ ಕೊಟ್ಟರಲ್ವಾ ನಾನು ಕೊಡುವುದು? ಅನ್‌ಲೋಡ್ ಮಾಡದೆ ಗೇಟಿನಲ್ಲಿ ನಿಲ್ಲಿಸಿದರೆ ಹಾಲ್ಟಿಂಗ್, ಅಂದರೆ ನಿಂತದ್ದಕ್ಕೆ ದುಡ್ಡು, ಕೇಳಬಹುದು. ರಸ್ತೆಯಲ್ಲಿ ನಿಂತದ್ದಕ್ಕೆ ಹಾಲ್ಟಿಂಗ್ ಕೇಳಿದರೆ ಪಾರ್ಟಿ ನಗುತ್ತದೆ.

ಬೈಕಂಪಾಡಿ ಗಾಡಿ

"ಪಾರ್ಟಿ ಕೊಟ್ಟರೆ ಕೊಡುತ್ತೇನೆ." ಡೀಸೆಲ್ ರೇಟ್ ಇಳಿದಾಗ ಡ್ರೈವರಿಗೆ ಜಾಸ್ತಿ ಕೊಟ್ಟಿದ್ದೀರಾ ಧಣಿ?

ಮೂರು ಗಾಡಿ ಧಣಿ

ಡೀಸೆಲ್ ಯಾವಾಗ ಇಳಿದದ್ದು ಮಾರಾಯ?

ಕಪ್ಪು ಕೋಟು

ಕಾನೂನಿನ ಮಾತು ಸ್ವಲ್ಪ ಹೇಳುತ್ತೇನೆ. ಬೇಸರ ಬಂದರೆ ದಾಟಿ ಹೋಗಿ.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಮಿತಿ ಇತ್ತು. ಐದು ಗಂಟೆ ಕೆಲಸ ಆದ ಮೇಲೆ ಅರ್ಧ ಗಂಟೆ ವಿಶ್ರಾಂತಿ. ಮಿತಿ ದಾಟಿದರೆ ಓವರ್‌ಟೈಮ್. ಈಗ ಆ ಕಾಯ್ದೆಯನ್ನು 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದ್ದಾರೆ. ಆದರೆ ಸಿಕ್ಕು ಎಲ್ಲಿ ಉಂಟು ಅಂದರೆ, ಐದು ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರು ಇರುವ ಸಂಸ್ಥೆಗೆ ಮಾತ್ರ ಆ ಹಳೆಯ ಕಾಯ್ದೆ ಇದ್ದದ್ದು. ನಮ್ಮ ಕರಾವಳಿಯಲ್ಲಿ ಎರಡು ಗಾಡಿ, ಮೂರು ಗಾಡಿಯವರೇ ಹೆಚ್ಚು. ಅವರ ಡ್ರೈವರಿಗೆ ಈ ಕೊಡೆ ಇಲ್ಲ. ಮೂರು ಗಾಡಿ ಧಣಿಯವರು ನಾಲ್ಕನೇ ಗಾಡಿ ಯಾಕೆ ತೆಗೆಯುವುದಿಲ್ಲ ಅಂತ ಈಗ ಗೊತ್ತಾಯಿತು.

ಮೂರು ಗಾಡಿ ಧಣಿ

ನಾಲ್ಕನೇ ಗಾಡಿ ತೆಗೆಯದ್ದು ಕಾಯ್ದೆಗೆ ಹೆದರಿ ಅಲ್ಲ ವಕೀಲರೇ. ಹೆಂಡತಿಗೆ ಹೆದರಿ.

ನೆಲ್ಯಾಡಿ ಗಂಜಿ

ನಾನು ಹೆದ್ದಾರಿ ಬದಿಯ ಸಣ್ಣ ಹೋಟೆಲಿನವ. ಬ್ಲಾಕ್ ಆದರೆ ನಿಮಗೆ ಒಳ್ಳೆ ವ್ಯಾಪಾರ ಅಂತ ಎಲ್ಲರೂ ಹೇಳುತ್ತಾರೆ. ಕೇಳಿ ಕೇಳಿ ಸಾಕಾಗಿದೆ.

ರಸ್ತೆ ಅಗಲ ಮಾಡುವಾಗ ನನ್ನ ಅಂಗಡಿಯ ಮುಂದಿನ ಜಗಲಿ ಹೋಯಿತು. ಆಮೇಲೆ ರಸ್ತೆ ಎತ್ತರ ಆಯಿತು. ಈಗ ಹೋಟೆಲಿಗೆ ಬರುವವರು ಮೂರು ಮೆಟ್ಟಿಲು ಇಳಿದು ಬರಬೇಕು. ಮಳೆಗಾಲದಲ್ಲಿ ನೀರಿಗೆ ಮೆಟ್ಟಿಲೂ ಬೇಡ, ಸೀದಾ ಒಳಗೆ. ಬೇಸಗೆಯಲ್ಲಿ ಧೂಳು. ಗಾಜಿನ ಕಪಾಟಿನಲ್ಲಿ ಗೋಳಿಬಜೆ ಇಟ್ಟರೆ ಅರ್ಧ ಗಂಟೆಯಲ್ಲಿ ಗಾಜಿನ ಮೇಲೆ ಹೆಸರು ಬರೆಯಬಹುದು. ಗಾಡಿ ಓಡುತ್ತಾ ಇದ್ದರೆ ನಿಲ್ಲಿಸಲು ಜಾಗ ಇಲ್ಲ, ಯಾರೂ ಬರುವುದಿಲ್ಲ. ಬ್ಲಾಕ್ ಆದರೆ ಒಮ್ಮೆಲೇ ಇನ್ನೂರು ಜನ. ನನ್ನ ಹತ್ತಿರ ಇರುವುದು ಒಂದು ಗಂಜಿ ಪಾತ್ರೆ.

ಆದರೂ ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದರೆ ಏಳುತ್ತೇನೆ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಇದ್ದರೆ ಹುರುಳಿ ಚಟ್ನಿ. ಹಿಂದೆ ಟಾಯ್ಲೆಟ್ ಉಂಟು, ದುಡ್ಡು ಕೇಳುವುದಿಲ್ಲ. ಬಾಲ್ದಿ ತುಂಬಿಸಿಟ್ಟು ಹೋಗಿ ಅಂತ ಮಾತ್ರ ಹೇಳುತ್ತೇನೆ. ಅದನ್ನೂ ಅರ್ಧ ಜನ ಮಾಡುವುದಿಲ್ಲ.

ಬುಲೆಟ್ ಟ್ಯಾಂಕರ್

ನೀಲಿ ಬಾಲ್ದಿಯಾ? ಹಿಡಿಕೆಗೆ ಹಗ್ಗ ಕಟ್ಟಿದ್ದು? ಹಾಗಾದರೆ ನಿಮ್ಮ ಗಂಜಿ ನಾನು ಉಂಡಿದ್ದೇನೆ. ಬಾಲ್ದಿ ತುಂಬಿಸಿದ್ದೆ, ದೇವರಾಣೆ.

ಕುಂದಾಪ್ರ ಮಾಣಿ

ನೀವು ಮಂಗಳೂರಿನವರು ಬರೀ ಶಿರಾಡಿ ಶಿರಾಡಿ ಅಂತೀರಿ. ನಮ್ಮ ಕಡೆಯೂ ಸ್ವಲ್ಪ ನೋಡಿ ಮಾರ್ರೆ. ಕುಂದಾಪುರದ ಶಾಸ್ತ್ರಿ ಸರ್ಕಲ್ ಮೇಲ್ಸೇತುವೆಗೆ ಕಾದು ಕಾದು ಒಂದು ತಲೆಮಾರಿನ ಮಕ್ಕಳು ಹೈಸ್ಕೂಲ್ ಮುಗಿಸಿದರು. ಆಮೇಲೆ ಸಂತೆಕಟ್ಟೆ ಅಂಡರ್‌ಪಾಸ್. ಆಮೇಲೆ ಇಂದ್ರಾಳಿ ರೈಲ್ವೆ ಸೇತುವೆ. ಈಗ ಅಂಬಲಪಾಡಿ. ಉಡುಪಿ ಜಿಲ್ಲೆಯಲ್ಲಿ ದಾರಿ ಕೇಳಿದರೆ "ಅಗೆದ ಜಾಗದಿಂದ ಎಡಕ್ಕೆ" ಅಂದರೆ ಸಾಕು. ಯಾವ ಜಾಗ ಅಂತ ಅವರೇ ಕೇಳುತ್ತಾರೆ.

ಪಂಪ್‌ವೆಲ್ ಪದವೀಧರ

ನೋಡಿ, ಸ್ಪರ್ಧೆ ಬೇಡ. ನಮ್ಮದು 2020ರ ಜನವರಿ 31ಕ್ಕೆ ಬಿಟ್ಟದ್ದು. ಹತ್ತು ವರ್ಷದ ತಪಸ್ಸು. ಅಷ್ಟು ಜೋಕು ಬೇರೆ ಯಾವ ಸೇತುವೆಗೂ ಹುಟ್ಟಿಲ್ಲ.

ಶೇಡಿ ಮಣ್ಣು

ರಸ್ತೆ ಕೆಲಸದಲ್ಲಿ ಸೈಟ್ ಎಂಜಿನಿಯರ್ ಆಗಿ ಇದ್ದು ರಿಟೈರ್ ಆದವ ನಾನು. ಈ ರಸ್ತೆಯಲ್ಲಿ ಅಲ್ಲ, ಬೇರೆ ಕಡೆ. ಬೈಯುವ ಮೊದಲು ಇದನ್ನು ಓದಿ, ಆಮೇಲೆ ಬೈಯಿರಿ.

ನಮ್ಮ ಕರಾವಳಿಯಲ್ಲಿ ಮೇಲೆ ಮುರಕಲ್ಲು (ಜಂಬಿಟ್ಟಿಗೆ), ಅದರ ಕೆಳಗೆ ಶೇಡಿ ಮಣ್ಣು. ಬಿಳಿ, ಹಳದಿ, ನಸುಗೆಂಪು ಬಣ್ಣದ್ದು. ಒಣಗಿದ್ದಾಗ ಗುದ್ದಲಿ ಹೊಡೆದರೂ ಗಟ್ಟಿ. ನೀರು ಕುಡಿದರೆ ದೋಸೆ ಹಿಟ್ಟು. ಗುಡ್ಡ ಕಡಿಯುವಾಗ ಮೇಲಿನ ಮುರಕಲ್ಲು ನೋಡಿ ಗಟ್ಟಿ ಅಂದುಕೊಂಡು ಗೋಡೆಯ ಹಾಗೆ ನೆಟ್ಟಗೆ ಕಡಿಯುತ್ತಾರೆ. ಮಳೆ ಬಂದಾಗ ಕೆಳಗಿನ ಶೇಡಿ ಜಾರುತ್ತದೆ, ಮೇಲಿನದ್ದು ಅದರ ಬೆನ್ನ ಮೇಲೆ ಬರುತ್ತದೆ. ಇಳಿಜಾರು ಕೊಟ್ಟು, ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಮೇಲಿನ ನೀರಿಗೆ ಮೊದಲೇ ಚರಂಡಿ ಮಾಡಬೇಕು. ಇಳಿಜಾರು ಕೊಡಬೇಕಾದರೆ ಜಾಗ ಜಾಸ್ತಿ ಬೇಕು. ಜಾಗ ಬೇಕಾದರೆ ಭೂಸ್ವಾಧೀನ. ಅಲ್ಲಿಗೆ ಎರಡು ವರ್ಷ ಹೋಯಿತು.

ಘಾಟಿ ಮೇಲೆ ಹೋದರೆ ಮಣ್ಣು ಬೇರೆ, ಕಾಯಿಲೆ ಅದೇ. 2022ರ ಜುಲೈಯಲ್ಲಿ ಸಕಲೇಶಪುರದ ಹತ್ತಿರ ದೋಣಿಗಲ್‌ನಲ್ಲಿ ರಸ್ತೆಯ ಬದಿಯೇ ಕುಸಿಯಿತು. 2024ರ ಜುಲೈಯಲ್ಲಿ ದೊಡ್ಡತಪ್ಲುವಿನಲ್ಲಿ ಗುಡ್ಡ ಬಂದು ರಸ್ತೆ ಮೇಲೆ ಕೂತಿತು. ತೆಗೆದ ಹಾಗೆ ಮತ್ತೆ ಬಂತು.

ಇನ್ನು ಕೆಲಸದ ದಿನ ಲೆಕ್ಕ ಹಾಕಿ. ಜೂನ್‌ನಿಂದ ಅಕ್ಟೋಬರ್ ತನಕ ಮಣ್ಣಿನ ಕೆಲಸ ಆಗುವುದಿಲ್ಲ. ವರ್ಷಕ್ಕೆ ಸಿಗುವುದು ಏಳು ತಿಂಗಳು. ಮೊದಲು ಹಿಡಿದ ಕಂಪನಿ ಅರ್ಧಕ್ಕೆ ಬಿಟ್ಟು ಹೋದ ಮೇಲೆ ಬಿ.ಸಿ. ರೋಡ್-ಅಡ್ಡಹೊಳೆ ಕೆಲಸವನ್ನು ಎರಡು ತುಂಡು ಮಾಡಿ ಮತ್ತೆ ಟೆಂಡರ್ ಕರೆದರು, ನೆನಪಿರಬಹುದು. ಹೊಸಬ ಬಂದರೆ ಹಳಬನ ಕೆಲಸ ಅಳೆಯಲಿಕ್ಕೇ ತಿಂಗಳುಗಟ್ಟಲೆ.

ಕಿಟಕಿ ಸೀಟು

ಇದೇ ಮಣ್ಣು, ಇದೇ ಮಳೆ. ಕೊಂಕಣ ರೈಲ್ವೆ 740 ಕಿಲೋಮೀಟರ್ ಹೇಗೆ ಆಯಿತು? 1990ರಲ್ಲಿ ಶುರು ಮಾಡಿ 1998ರ ಜನವರಿಯಲ್ಲಿ ರೈಲು ಬಿಟ್ಟರು. ಇದು ಅರುವತ್ತು ಚಿಲ್ಲರೆ ಕಿಲೋಮೀಟರ್. ಎಂಟು ವರ್ಷದ ಮೇಲಾಯಿತು. ಮಣ್ಣಿನ ಕಥೆ ನನಗೆ ಹೇಳಬೇಡಿ.

ಶೇಡಿ ಮಣ್ಣು

ಒಳ್ಳೆಯ ಪ್ರಶ್ನೆ. ಅಲ್ಲಿಯೂ ಮಣ್ಣು ಕಾಡಿತು. ಗೋವಾದ ಪೆರ್ನೆಂ ಸುರಂಗದಲ್ಲಿ ಮೆತ್ತನೆ ಮಣ್ಣು ಕುಸಿದು ಕುಸಿದು, ಇಡೀ ಲೈನ್ ತಡ ಆದದ್ದೇ ಅದಕ್ಕೆ. ಆದರೆ ಎರಡು ವ್ಯತ್ಯಾಸ. ಅದಕ್ಕೆಂದೇ ಒಂದು ನಿಗಮ ಮಾಡಿ, ಎಂಜಿನಿಯರ್ ಇ. ಶ್ರೀಧರನ್ ಅಂಥವರನ್ನು ಕೂರಿಸಿ, ತೀರ್ಮಾನ ಅಲ್ಲೇ ಆಗುವ ಹಾಗೆ ಮಾಡಿದ್ದರು. ಇನ್ನೊಂದು, ಅವರು ಕಟ್ಟುವಾಗ ಆ ಜಾಗದಲ್ಲಿ ಗಾಡಿ ಓಡುತ್ತಿರಲಿಲ್ಲ. ಇಲ್ಲಿ ಅಡುಗೆ ಮಾಡುವ ಒಲೆಯನ್ನೇ ರಿಪೇರಿ ಮಾಡುವುದು.

ಹಾಗಂತ ಎಂಟು ವರ್ಷ ಸರಿ ಅಂತ ನಾನು ಹೇಳಲಿಲ್ಲ. ಬದಲಿ ರಸ್ತೆಗೆ ಒಂದು ಪದರ ಡಾಂಬರು ಹಾಕದೆ ಜಲ್ಲಿ ಸುರಿದು ಗಾಡಿ ಬಿಡುವುದಕ್ಕೆ ಯಾವ ಮಣ್ಣೂ ಕಾರಣ ಅಲ್ಲ.

ಬೈಕಂಪಾಡಿ ಗಾಡಿ

ಕೊನೆಯ ಸಾಲಿಗೆ ಕೈ ಮುಗಿದೆ.

ಮಲ್ಪೆ ಐಸ್

ರೈಲು ಅಂದಾಗ ನೆನಪಾಯಿತು. ಕೊಂಕಣ ರೈಲ್ವೆಯಲ್ಲಿ ಲಾರಿಯನ್ನೇ ರೈಲಿನ ಮೇಲೆ ಹತ್ತಿಸಿ ಕೊಂಡು ಹೋಗುತ್ತಾರಲ್ಲ, ರೋ-ರೋ. ನಮ್ಮ ಮಾವ ಸುರತ್ಕಲ್‌ನಿಂದ ಮಹಾರಾಷ್ಟ್ರದ ಕೋಲಾಡಿಗೆ ಹೋಗಿದ್ದಾರೆ. ಗಾಡಿ ವ್ಯಾಗನ್ ಮೇಲೆ, ಅವರು ಗಾಡಿಯೊಳಗೆ. ಮಳೆ ಸುರಿಯುತ್ತಾ ಇತ್ತಂತೆ, ಇವರು ಸೀಟಿನಲ್ಲಿ ಕಂಬಳಿ ಹೊದ್ದು ಮಲಗಿದ್ದರಂತೆ. "ಡ್ರೈವರ್ ಆಗಿ ಮೂವತ್ತು ವರ್ಷದಲ್ಲಿ ಸ್ಟೇರಿಂಗ್ ಮುಟ್ಟದೆ ಸಂಬಳ ಸಿಕ್ಕಿದ್ದು ಅದೊಂದೇ ಸಲ" ಅಂತ ಈಗಲೂ ಹೇಳುತ್ತಾರೆ. ಇಲ್ಲಿಂದ ಹಾಸನಕ್ಕೆ ಹಾಗೊಂದು ಇದ್ದಿದ್ದರೆ!

ಕುಂದಾಪ್ರ ಮಾಣಿ

1999ರಲ್ಲೇ ಶುರು ಆದದ್ದು ಅದು, ಕೋಲಾಡಿನಿಂದ ಗೋವಾದ ವೆರ್ಣಾಕ್ಕೆ. ಆಮೇಲೆ ಸುರತ್ಕಲ್‌ಗೆ ಬಂತು. ಸಕಲೇಶಪುರ ಘಾಟಿಯಲ್ಲಿ ಪ್ಯಾಸೆಂಜರ್ ರೈಲು ಬಿಡುವುದಕ್ಕೇ ದಾರಿ ಸಾಲುವುದಿಲ್ಲ, ಮೇಲಿಂದ ನಿಮ್ಮ ಮೀನು ಲಾರಿ ಬೇರೆ.

ನಿರ್ವಾಹಕ

ರೈಲು ಇಲ್ಲಿಗೆ ನಿಲ್ಲಲಿ. ಲಾರಿಯ ಮಾತಿಗೆ ಬನ್ನಿ.

ಮೂಡುಬಿದಿರೆಯ ಮನೆ

ನಾನು ಡ್ರೈವರ್ ಅಲ್ಲ, ಡ್ರೈವರ್ ಹೆಂಡತಿ. ನಮ್ಮವರು ಇದೇ ಲೈನ್‌ನಲ್ಲಿ ಓಡಿಸುವುದು.

ಮೊದಲು ಹೊರಡುವಾಗ ಅನ್ನ, ಮೀನು ಪದಾರ್ಥ ಕಟ್ಟಿ ಕೊಡುತ್ತಿದ್ದೆ. ರಾತ್ರಿ ಊಟಕ್ಕೆ ಹಾಸನ ಹತ್ತಿರ ಇರುತ್ತಾರೆ ಅಂತ ಲೆಕ್ಕ. ಈಗ ತೆಂಗಿನಕಾಯಿ ಹಾಕಿದ ಪದಾರ್ಥ ಕೊಡುವುದೇ ಬಿಟ್ಟೆ. ಯಾವ ಹೊತ್ತಿಗೆ ಎಲ್ಲಿರುತ್ತಾರೋ, ಹಳಸಿ ಹೋಗುತ್ತದೆ. ಚಪಾತಿ, ಚಟ್ನಿಪುಡಿ, ಬೇಯಿಸಿದ ಮೊಟ್ಟೆ. ಒಮ್ಮೆ ಒಂಬತ್ತು ಗಂಟೆಗೆ ಫೋನ್ ಮಾಡಿದೆ, ಹಿಂದೆ ಜೆಸಿಬಿ ಸದ್ದು. ಹನ್ನೊಂದಕ್ಕೆ ಮಾಡಿದೆ, ಅದೇ ಜೆಸಿಬಿ. ಎರಡು ಗಂಟೆಗೆ ಎಚ್ಚರ ಆಗಿ ಮಾಡಿದೆ. ಸದ್ದು ಇಲ್ಲ. "ಹೊರಟಿರಾ?" ಅಂದೆ. "ಇಲ್ಲ, ಜೆಸಿಬಿಯವ ಮಲಗಿದ" ಅಂದರು.

ನನಗೆ ಭಯ ಇರುವುದು ದುಡ್ಡಿನದಲ್ಲ. ರಾತ್ರಿಯಿಡೀ ಹತ್ತಡಿ ಹತ್ತಡಿ ಮುಂದೆ ಹೋಗಿ, ನಿದ್ದೆ ಇಲ್ಲದೆ, ಬೆಳಿಗ್ಗೆ ರಸ್ತೆ ಬಿಟ್ಟ ಕೂಡಲೇ "ಎಲ್ಲಿದ್ದಿ, ಬೇಗ ಬಾ" ಅಂತ ಆಫೀಸಿನಿಂದ ಫೋನ್ ಬರುತ್ತದಲ್ಲ, ಅದರದ್ದು. ಘಾಟಿ ಹತ್ತುವುದು ಆ ಕಣ್ಣಿನಲ್ಲಿ.

ಹನ್ನೆರಡು ಚಕ್ರ

ಅಕ್ಕ, ನೀವು ಹೇಳಿದ್ದು ನೂರಕ್ಕೆ ನೂರು. ಮೊದಲು ಕ್ಲೀನರ್ ಇರುತ್ತಿದ್ದ. ಏರಿನಲ್ಲಿ ನಿಂತರೆ ಇಳಿದು ಚಕ್ರಕ್ಕೆ ಕಲ್ಲು ಕೊಡುತ್ತಿದ್ದ, ನಾವು ಸ್ವಲ್ಪ ಕಣ್ಣು ಮುಚ್ಚಬಹುದಿತ್ತು. ಲೈನ್ ಹೊರಟರೆ ಎಬ್ಬಿಸುತ್ತಿದ್ದ. ಈಗ ಹೆಚ್ಚಿನ ಗಾಡಿಯಲ್ಲಿ ಒಬ್ಬನೇ. ಕಲ್ಲು ಕೊಡುವುದೂ ನಾವೇ, ತೆಗೆಯುವುದೂ ನಾವೇ. ಹಿಂದಿನ ಗಾಡಿಯವನ ಹಾರ್ನ್ ನಮ್ಮ ಅಲಾರಾಂ. ಅವನೂ ಮಲಗಿದರೆ ಇಬ್ಬರೂ ಬೈಗುಳ ತಿನ್ನಬೇಕು.

ಬೈಕಂಪಾಡಿ ಗಾಡಿ

2025ರ ಅಕ್ಟೋಬರ್‌ನಿಂದ ತಯಾರಾಗುವ ಲಾರಿಗೆಲ್ಲ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಆಯಿತಲ್ಲ. ಇನ್ನು ಬ್ಲಾಕ್‌ನಲ್ಲಿ ತಂಪಾಗಿ ಕೂರಬಹುದು. ಡೀಸೆಲ್ ಲೆಕ್ಕ ಧಣಿಗೆ ಯಾರು ಹೇಳುವುದು ಅಂತ ಮಾತ್ರ ಬಾಕಿ.

ಎಲ್‌ಆರ್ ಬುಕ್

ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಬಿಲ್ ಬರೆಯುವವ ನಾನು. ತಡವಾಗಿ ಬಂದೆ. ಮೇಲೆ ಎಲ್ಲ ಓದಿದೆ. ಎರಡು ಉಪಯೋಗದ ಮಾತು ಹೇಳುತ್ತೇನೆ.

ಮೊದಲು ಇ-ವೇ ಬಿಲ್, ಅಂದರೆ ಸರಕು ಸಾಗಿಸುವುದಕ್ಕೆ ಬೇಕಾದ ಜಿಎಸ್‌ಟಿ ಬಿಲ್. ಡ್ರೈವರುಗಳು ಇದನ್ನು ನೋಡುವುದೇ ಇಲ್ಲ. ಅದರ ಅವಧಿ ಈಗ 200 ಕಿಲೋಮೀಟರಿಗೆ ಒಂದು ದಿನ. 2021ಕ್ಕಿಂತ ಮೊದಲು 100 ಕಿಲೋಮೀಟರಿಗೆ ಒಂದು ದಿನ ಇತ್ತು. ಬೆಂಗಳೂರಿಗೆ 350 ಅಂತ ಇಟ್ಟರೆ ಎರಡು ದಿನ. ಶುಕ್ರವಾರ ಬಿಲ್ ಮಾಡಿದರೆ ಭಾನುವಾರ ರಾತ್ರಿ 12ಕ್ಕೆ ಮುಗಿಯಿತು. ಶುಕ್ರವಾರ ಬಿಲ್ ಮಾಡಿ, ಶನಿವಾರ ಸಂಜೆ ಗಾಡಿ ಬಿಟ್ಟು, ರಾತ್ರಿ ಬ್ಲಾಕ್‌ನಲ್ಲಿ ಸಿಕ್ಕಿದರೆ ಕಥೆ ಮುಗಿಯಿತು. ಸೋಮವಾರ ಚೆಕಿಂಗ್‌ನಲ್ಲಿ ಹಿಡಿದರೆ ತೆರಿಗೆಯ ಎರಡು ಪಾಲು ದಂಡ ಅಂತ ಹೇಳುತ್ತಾರೆ. ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯ ತನಕ ಅವಧಿ ವಿಸ್ತರಿಸಬಹುದು. ಅದನ್ನು ಟ್ರಾನ್ಸ್‌ಪೋರ್ಟ್‌ನವರೇ ಮಾಡಬೇಕು, ನಿಮ್ಮ ಕೈಯಲ್ಲಿ ಆಗುವುದಿಲ್ಲ. ಆದ್ದರಿಂದ ಬ್ಲಾಕ್ ಅಂತ ಗೊತ್ತಾದ ಕೂಡಲೇ ಆಫೀಸಿಗೆ ಫೋನ್ ಮಾಡಿ, ನಿಂತ ಜಾಗ ಹೇಳಿ. ಬೆಳಿಗ್ಗೆ ನೋಡುವ ಅಂತ ಬಿಡಬೇಡಿ.

ಎರಡನೆಯದ್ದು ಬಾಟಾದ ಪ್ರಶ್ನೆ. ಧಣಿ ಹತ್ತಿರ ಬಾಯಿಮಾತಿನಲ್ಲಿ "ತುಂಬಾ ಹೊತ್ತು ನಿಂತೆ" ಅಂದರೆ ಯಾರು ನಂಬುತ್ತಾರೆ? ಡಾಬಾದಲ್ಲಿ ಮಲಗಿದ್ದೀಯ ಅನ್ನುತ್ತಾರೆ. ಫಾಸ್ಟ್ಯಾಗ್ ಉಂಟಲ್ಲ! ಬ್ರಹ್ಮರಕೂಟ್ಲು ಟೋಲ್‌ನಲ್ಲಿ ದುಡ್ಡು ಹೋದ ಮೆಸೇಜಿನಲ್ಲಿ ಟೈಮ್ ಉಂಟು. ಹಾಸನ ದಾಟಿ ಶಾಂತಿಗ್ರಾಮ ಟೋಲ್‌ನಲ್ಲೂ ಉಂಟು. ಎರಡರ ನಡುವೆ ಎಷ್ಟು ಗಂಟೆ ಅಂತ ಬರೆಯಿರಿ. ಒಳ್ಳೆಯ ದಿನ ಎಷ್ಟು, ಬ್ಲಾಕ್ ದಿನ ಎಷ್ಟು. ಮೆಸೇಜ್ ಬರುವುದು ಧಣಿಯ ಫೋನಿಗೇ. ಹಾಗಾಗಿ ಅವರು ಸುಳ್ಳು ಅನ್ನುವ ಹಾಗಿಲ್ಲ.

ಮತ್ತೆ ಎಲ್‌ಆರ್ (ಲಾರಿ ರಸೀದಿ) ಮಾಡುವಾಗಲೇ ಹಾಲ್ಟಿಂಗ್ ಷರತ್ತು ಬರೆಸಬೇಕು. ಬರೆದಿದ್ದರೆ ಪಾರ್ಟಿ ಹತ್ತಿರ ಮಾತಾಡಲಿಕ್ಕೆ ಒಂದು ಕಾಗದ ಆದರೂ ಇರುತ್ತದೆ.

ಮೂರು ಗಾಡಿ ಧಣಿ

ನೀವು ಯಾವ ಆಫೀಸಿನವರು? ನನ್ನ ಡ್ರೈವರುಗಳು ಇದನ್ನು ಓದದೆ ಇರಲಿ ಅಂತ ಹರಕೆ ಹೇಳುತ್ತೇನೆ.

(ತಮಾಷೆಗೆ ಹೇಳಿದ್ದು. ಟೋಲ್ ಟೈಮಿನ ಸಂಗತಿ ನನಗೂ ಹೊಳೆದಿರಲಿಲ್ಲ.)

ಕಪ್ಪು ಕೋಟು

ಟೋಲ್ ಅಂದಿರಲ್ಲ. ಕೇರಳದಲ್ಲಿ ಪಾಲಿಯೆಕ್ಕರ ಟೋಲ್‌ನದ್ದು ನೆನಪು ಉಂಟಾ? ರಸ್ತೆ ಅಗೆದು ಜನ ಗಂಟೆಗಟ್ಟಲೆ ನಿಲ್ಲುವಾಗ ಟೋಲ್ ಯಾಕೆ ಅಂತ 2025ರ ಆಗಸ್ಟ್‌ನಲ್ಲಿ ಹೈಕೋರ್ಟ್ ನಾಲ್ಕು ವಾರ ವಸೂಲಿ ನಿಲ್ಲಿಸಿತು. ಸುಪ್ರೀಂ ಕೋರ್ಟ್ ಕೂಡ ಆ ಆದೇಶಕ್ಕೆ ಕೈ ಹಾಕಲಿಲ್ಲ. ಇಲ್ಲಿಯೂ ಯಾರಾದರೂ ಅರ್ಜಿ ಹಾಕಬೇಕು.

ಕುಂದಾಪ್ರ ಮಾಣಿ

ವಕೀಲರೇ, "ಯಾರಾದರೂ" ಅಂದರೆ ನೀವೇ ಅಲ್ವಾ? ಕಪ್ಪು ಕೋಟು ಇರುವುದು ನಿಮ್ಮ ಹತ್ತಿರ.

ಪಂಪ್‌ವೆಲ್ ಪದವೀಧರ

ಸುರತ್ಕಲ್ ಟೋಲ್ ಕೂಡ ಧರಣಿ ಕೂತು ಕೂತು 2022ರ ಡಿಸೆಂಬರ್ 1ರಿಂದ ನಿಂತದ್ದು. ಕೂತವರಿಗೆ ಬಾಟಾ ಇರಲಿಲ್ಲ.

ಕಿಟಕಿ ಸೀಟು

ಎಲ್ಲ ಸರಿ. ಬದಲಿ ದಾರಿಯಲ್ಲಿ ಯಾಕೆ ಹೋಗುವುದಿಲ್ಲ ನೀವು?

ಬೈಕಂಪಾಡಿ ಗಾಡಿ

ಯಾವ ಬದಲಿ? ಚಾರ್ಮಾಡಿಯಲ್ಲಿ 2019ರ ಗುಡ್ಡ ಕುಸಿತದ ಮೇಲೆ ದೊಡ್ಡ ಗಾಡಿ ಬಿಡುವುದಿಲ್ಲ. ಆಗುಂಬೆಯ ತಿರುವಿನಲ್ಲಿ ಹನ್ನೆರಡು ಚಕ್ರ ತಿರುಗಿಸಿ ತೋರಿಸಿ, ನಿಮ್ಮ ಕಾಲಿಗೆ ಬೀಳುತ್ತೇನೆ. ಉಳಿದದ್ದು ಸಂಪಾಜೆ. ಮಡಿಕೇರಿ ಸುತ್ತಿ, ಮೈಸೂರು ಹಿಡಿದು ಹೋಗಬೇಕು. ಶಿರಾಡಿಯನ್ನು ಕಾಂಕ್ರೀಟಿಗೆ ಅಂತ 2015ರಲ್ಲಿ ಒಮ್ಮೆ, 2018ರಲ್ಲಿ ಒಮ್ಮೆ ತಿಂಗಳುಗಟ್ಟಲೆ ಮುಚ್ಚಿದಾಗ ಸುತ್ತಿ ಸುತ್ತಿ ಸಾಕಾಗಿದೆ. 2018ರಲ್ಲಿ ಜುಲೈಯಲ್ಲಿ ಬಿಟ್ಟರು ಅಂತ ಖುಷಿಪಟ್ಟೆವು. ಆಗಸ್ಟ್‌ನಲ್ಲಿ ಶಿರಾಡಿಯೂ ಕುಸಿಯಿತು, ಸಂಪಾಜೆಯೂ ಕುಸಿಯಿತು.

ನೆಲ್ಯಾಡಿ ಗಂಜಿ

ಒಂದು ಒಳ್ಳೆಯ ಮಾತೂ ಹೇಳುವ. ಕಲ್ಲಡ್ಕದ ಮೇಲ್ಸೇತುವೆ 2025ರಲ್ಲಿ ಬಿಟ್ಟ ಮೇಲೆ ಆ ಎರಡು ಕಿಲೋಮೀಟರ್ ಈಗ ಮೂರು ನಿಮಿಷ. ಮೊದಲು ಅಲ್ಲಿನ ಕೆಸರಿನಲ್ಲಿ ಒಂದು ಗಂಟೆ ಹೋಗುತ್ತಿತ್ತು. ಆದರೆ ಈಗ ಕಲ್ಲಡ್ಕದಲ್ಲಿ ಇಳಿದು ಕೆ.ಟಿ. (ಕಲ್ಲಡ್ಕ ಟೀ) ಕುಡಿಯುವವರು ಕಡಿಮೆ ಆದರಂತೆ. ಎಲ್ಲರೂ ಮೇಲಿಂದಲೇ ಹೋಗುತ್ತಾರೆ.

ಬುಲೆಟ್ ಟ್ಯಾಂಕರ್

ನಾನು ಕೆಳಗಿಂದಲೇ ಹೋಗುತ್ತೇನೆ. ಕೆ.ಟಿ. ಬಿಡಲಿಕ್ಕೆ ಆಗುವುದಿಲ್ಲ. ಗ್ಲಾಸಿನಲ್ಲಿ ಕೆಳಗೆ ಹಾಲು, ಮೇಲೆ ಡಿಕಾಕ್ಷನ್, ಎರಡೂ ಸೇರದೆ ನಿಂತಿರುತ್ತದೆ ನೋಡಿ. ಬ್ಲಾಕ್ ಆದಾಗ ಕಾರಿನವರು ಮತ್ತು ಲಾರಿಯವರು ಕೂಡ ಹಾಗೆ ನಿಂತಿದ್ದರೆ ಎಷ್ಟು ಚಂದ.

ಹನ್ನೆರಡು ಚಕ್ರ

ಎಲ್ಲರಿಗೂ ಹೇಳುವುದು ಉಂಟು. ಎಲ್‌ಆರ್ ಬುಕ್ ಅಣ್ಣನ ಮಾತು ಕೇಳಿ, ಹಳೆಯ ಟ್ರಿಪ್‌ಗಳ ಟೋಲ್ ಟೈಮ್ ಧಣಿಯ ಫೋನಿನಿಂದ ತೆಗೆಸಿ ಪುಸ್ತಕದಲ್ಲಿ ಬರೆದೆ. ಮಗಳ ರಫ್ ಪುಸ್ತಕ, ಹಿಂದಿನ ಪುಟದಿಂದ. ಒಳ್ಳೆಯ ದಿನ ಬ್ರಹ್ಮರಕೂಟ್ಲುವಿನಿಂದ ಶಾಂತಿಗ್ರಾಮಕ್ಕೆ ಆರು ಗಂಟೆ. ಬ್ಲಾಕ್ ದಿನದ್ದು ಹನ್ನೊಂದು, ಹದಿನಾಲ್ಕು, ಒಂದು ಸಲ ಹದಿನೇಳು. ಮೂರು ತಿಂಗಳಲ್ಲಿ ಅಂಥವು ಒಂಬತ್ತು.

ಧಣಿ ಪುಸ್ತಕ ನೋಡಿದರು. ಹದಿನೇಳಕ್ಕೆ ಬೆರಳಿಟ್ಟು "ಇದು ಯಾವ ದಿನ?" ಅಂದರು. "ನಿಮ್ಮ ಭಾವನ ಮಗನ ಮದುವೆ ದಿನ, ನೀವು ನಾಲ್ಕು ಸಲ ಫೋನ್ ಮಾಡಿ ಬೈದ ದಿನ" ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಎರಡು ಟೋಲ್ ನಡುವೆ ಹನ್ನೆರಡು ಗಂಟೆ ದಾಟಿದರೆ ಊಟದ ಖರ್ಚು ಮತ್ತು ಅರ್ಧ ಬಾಟಾ ಅಂತ ಒಪ್ಪಿದರು. ಹಳೆಯ ಒಂಬತ್ತಕ್ಕೆ ಇಲ್ಲ, ಬರುವ ತಿಂಗಳಿಂದ. ಹನ್ನೊಂದು ಗಂಟೆಯದ್ದು ಹೋಯಿತು ಅನ್ನಿ.

ಎಲ್‌ಆರ್ ಬುಕ್

ಹತ್ತು ಗಂಟೆಗೆ ಇಳಿಸಿ ಕೇಳಬೇಕಿತ್ತು. ಹನ್ನೆರಡು ಅಂತ ಅವರಾಗಿ ಹೇಳಿದರೆ ಹತ್ತಕ್ಕೆ ಬರುವ ಮನಸ್ಸು ಉಂಟು ಅಂತಲೇ ಲೆಕ್ಕ.

ಮೂಡುಬಿದಿರೆಯ ಮನೆ

ಇವತ್ತೇ ನಮ್ಮವರಿಗೆ ಒಂದು ಪುಸ್ತಕ ಕೊಟ್ಟು ಕಳಿಸಿದ್ದೇನೆ. ಪೆನ್ನು ಹಗ್ಗದಲ್ಲಿ ಕಟ್ಟಿದ್ದೇನೆ, ಇಲ್ಲದಿದ್ದರೆ ಕಳೆದು ಬರುತ್ತಾರೆ.

ಮೂರು ಗಾಡಿ ಧಣಿ

ಅಕ್ಕ, ನಿಮ್ಮವರ ಗಾಡಿ ನಂಬರ್ ಒಮ್ಮೆ ಹೇಳಿ. ನನ್ನ ಮೂರರಲ್ಲಿ ಒಂದಾ ಅಂತ ನೋಡಬೇಕಿತ್ತು.

ಮೂಡುಬಿದಿರೆಯ ಮನೆ

ಹೇಳುವುದಿಲ್ಲ.

ಮಲ್ಪೆ ಐಸ್

ಗುಂಡ್ಯದಲ್ಲಿ ಈಗ ಹೇಗೆ ಉಂಟು, ಯಾರಾದರೂ ಆ ಕಡೆ ಇದ್ದೀರಾ? ನಾನು ಉಪ್ಪಿನಂಗಡಿ ಹತ್ತಿರ ಬದಿಗೆ ಹಾಕಿದ್ದೇನೆ. ಬೂತಾಯಿ ಲೋಡ್.

ನೆಲ್ಯಾಡಿ ಗಂಜಿ

ಹತ್ತು ನಿಮಿಷದ ಹಿಂದೆ ಮೇಲಿಂದ ಮೂರು ಗಾಡಿ ಇಳಿದವು. ಒಂದು ಬದಿ ಬಿಡುತ್ತಾ ಇದ್ದಾರೆ. ಈಗಲೇ ಹೊರಡಿ.